ಎರಡು ವರ್ಷ ಆತು, ಮಗಳ ಫೀಗೆ ಒಂದ್ ರೂಪಾಯಿ ದಂಡ ಕಟ್ಟಿಲ್ಲ

ಪಿಂಪ್ರಿಯೊಳಗ ಕಂಪನಿ ಕೆಲಸ, ಮಗಳು ಪುಣೇದಾಗ ಇಂಜಿನಿಯರಿಂಗ್, ಫೀ ವರ್ಷಕ್ಕ 1 ಲಕ್ಷ 15 ಸಾವಿರದ ಆಸುಪಾಸು. ಮೊದಲನೇ ವರ್ಷ ಭಿಶಿ, ಅಂದ್ರ ಚೀಟಿ ಹಣ, ನಂಬಿ ಕುಂತೆ, ಚೀಟಿ ಮತ್ತೊಬ್ರಿಗೆ ಎದ್ದಿತು, ಹೆಂಡ್ತಿ ಪಾಟ್ಲಿ ಬಳಿ ಒತ್ತಿ ಇಟ್ಟು ಕಟ್ಟೋದ್ರೊಳಗ 20-22 ದಿನ ತಡ, ದಿನಕ್ಕ 50ರಂಗ ದಂಡ ಬ್ಯಾರೆ.

ಅದಕ್ಕ ಪಗಾರ ಬಿದ್ದ ಮರುದಿನನ 9,500 ತಿಂಗಳ ತಿಂಗಳ ಕಟ್ಟೋ ಠೇವಣಿ, ಅಂದ್ರ ಆರ್‌ಡಿಗೆ ಹಾಕಾಕ ಶುರು ಮಾಡಿದೆ, 12 ತಿಂಗಳದ್ದು, ಜೂನ್ ಕಡೀಗೆ ಮುಗಿಯೋ ಹಂಗ. ಭಿಶಿ ಬಿಟ್ಟು ಆರ್‌ಡಿ ಹಾಕಿದ್ರ ಏನ್ ಬರ್ತದಪಾ ಅಂತ ಭಾವ ಭಾಳ ಅಂದ್ರು. ಬಡ್ಡಿ ನಾಕ್ ಸಾವಿರ ಬಂದಿರಬೇಕು, ಆದ್ರ ರೊಕ್ಕ ಹೇಳಿದ ದಿನಾನ ಕೈಗೆ ಬಂತು.

ಎರಡನೇ ವರ್ಷ ರೊಕ್ಕ ಅದಲ್ಲ ಅಂತ ಕಡೀ ದಿನದ ತನಕ ಕಾದೆ, ರಾತ್ರಿ ಯುಪಿಐ ಮಾಡಿದೆ, ಖಾತೆಯಿಂದ ಹೋತು, ಪೋರ್ಟಲ್‌ನ್ಯಾಗ ಮಾತ್ರ ಪೆಂಡಿಂಗ್. ಕ್ಲರ್ಕ್ 'ಪೈಸೆ ಆಲೇ ನಾಹೀತ್', ರೊಕ್ಕ ಬಂದಿಲ್ಲ ಅಂದ, ಪರೀಕ್ಷಾ ಫಾರ್ಮ್ ತಡದ್ರು. ಆ ಎರಡ್ ವಾರ ಮಗಳು ಸರಿಯಾಗಿ ಉಣ್ಣಲಿಲ್ಲ, ಇವತ್ತಿಗೂ ಮರೆಯಾಕ ಆಗವಲ್ದು.

ಈಗ ಕಡೀ ತಾರೀಖಿಗೆ 10 ದಿನ ಮೊದಲ ಬ್ಯಾಂಕಿನಿಂದ ಬ್ಯಾಂಕಿಗೆ ರೊಕ್ಕ ಕಳಸೋ ಎನ್‌ಇಎಫ್‌ಟಿ. 2019ರ ಡಿಸೆಂಬರ್‌ದಿಂದ ಅದು 24 ತಾಸೂ ನಡೀತದ, ಆದ್ರ ನಾ ಮಂಗಳವಾರ ಮುಂಜಾನೆನ ಮಾಡ್ತೀನಿ. ರೊಕ್ಕ ಕಳಿಸಿದ್ದಕ್ಕ ಬ್ಯಾಂಕ್ ಕೊಡೋ ಯುಟಿಆರ್ ನಂಬರ್, ಮಗಳ ನೋಂದಣಿ ನಂಬರ್ ಪಿಆರ್‌ಎನ್ ಹಾಕಿ, ಫೀ ಕಟ್ಟೀವಿ ಅಂತ ಮರಾಠಿಯೊಳಗ ಅರ್ಜಿ, ಎರಡು ಪ್ರತಿ. ಸೀದಾ ಅಕೌಂಟ್ಸ್‌ಗೆ ಹೋಗಬ್ಯಾಡ್ರಿ, ಮೊದಲು ಕಾಗದ ಪತ್ರ ತಗೊಳ್ಳೋ ಆವಕ್-ಜಾವಕ್ ಖಿಡಕಿ. ನಮ್ಮ ಪ್ರತಿ ಮ್ಯಾಲೆ ನೀಲಿ ಗೋಲ್ ಶಿಕ್ಕಾ (ಮುದ್ರೆ), ಅದರ ನಡುವ ತಾರೀಖು, ಪೆನ್ನಿಲೆ ಬರದ ಆವಕ್ ನಂಬರ್, ಇಷ್ಟು ಬಿದ್ದಿಂದ ಅಕೌಂಟ್ಸ್. 'ಉದ್ಯಾ ಯಾ', ನಾಳೆ ಬರ್ರಿ ಅನ್ನೋ ಮಾತ ನಿಂತು ಹೋತು.

ಬಸ್ ಫೀ ಒಮ್ಮೆ ಪಾಯಿಂಟ್ ಆಸೆಗೆ ಕ್ರೆಡಿಟ್ ಕಾರ್ಡಿಲೆ ಕಟ್ಟಿ ನೋಡೀನಿ, 22 ಸಾವಿರಕ್ಕ ಗೇಟ್‌ವೇ ಚಾರ್ಜೇ ಮುನ್ನೂರರ ಮ್ಯಾಲೆ, ಬಿಟ್ಟುಬಿಟ್ಟೆ.

ಇನ್ನೊಂದು ಮಾತ್ರ ಎಲ್ಲಾರೂ ಮಾಡ್ರಿ. ಮಹಾರಾಷ್ಟ್ರದಾಗ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಫೀ ಠರಾವ್ ಮಾಡೋದು ಶುಲ್ಕ ನಿಯಾಮಕ ಪ್ರಾಧಿಕರಣ, ಎಫ್‌ಆರ್‌ಎ ಅಂತಾರಲ್ಲ ಅದು, ವೆಬ್‌ಸೈಟಿನ್ಯಾಗ ಕಾಲೇಜುವಾರು ಅಂಕಿ ಸಿಗ್ತದ. ಪ್ರಿಂಟ್ ತಕ್ಕೊಂಡು ನಮ್ಮ ಚಲನ್ ಜೋಡಿ ಇಟ್ಟು ನೋಡಿದ್ರ ಸುಮಾರು 6 ಸಾವಿರ ಜಾಸ್ತಿ! ಜಗಳ ಮಾಡ್ಲಿಲ್ಲ, ಬಾಬ್ತುವಾರು ರಶೀದಿ ಕೊಡ್ರಿ ಅಂತ ಅರ್ಜಿ ಹಾಕಿದೆ, ಅದಕ್ಕೂ ಶಿಕ್ಕಾ ಹೊಡಿಸಿದೆ. ವಾರದೊಳಗ ಹೊಸ ಚಲನ್ ಬಂತು, 6 ಸಾವಿರ ಕಡಿಮಿ.

ಮೂರನೇ ವರ್ಷ ದಂಡ ಸೊನ್ನೆ, ಈ ಸಲನೂ ಸೊನ್ನೆ. ಭಾವ ಹೋದ ವಾರ ತಮ್ಮ ಮಗನ ಸಲುವಾಗಿ ಆರ್‌ಡಿ ತೆಗದು ಬಂದ್ರು, ಮರಾಠಿ ಅರ್ಜಿ ನಾನ ಬರದು ಕೊಡಬೇಕಂತ.