ನೀಲಿ ಪ್ರತಿಗೆ ಕಾಯುವುದು ನಿಂತಿತು: ನನ್ನ ಅನುಭವ

"ಮ್ಯಾನಿಫೆಸ್ಟ್ ಲೆಕ್ಕವೆಲ್ಲ ಮೊಬೈಲಲ್ಲಿ ಆಗೋದಲ್ಲ ಸಾರ್" ಎಂದು ಅಪಾಯಕಾರಿ ತ್ಯಾಜ್ಯ ಸಾಗಣೆಯ ಚೀಟಿಗಳ ಬಗ್ಗೆ ಅಂದಿದ್ದ ನಮ್ಮ ಅಕೌಂಟ್ಸ್‌ನವರೇ ಈ ಸಲ ಫಾರಂ 4ರ ಅಂಕಿಗಳನ್ನು ನನ್ನ ಶೀಟಿನಿಂದ ತಗೊಂಡರು. ಜೂನ್ 30ರ ಗಡುವಿಗೆ ಎರಡು ವಾರ ಮೊದಲೇ ಆ ವಾರ್ಷಿಕ ವರದಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಯಿತು.

ನಮ್ಮದು ಪೀಣ್ಯದಲ್ಲಿ ಲೋಹಕ್ಕೆ ಲೇಪನ ಹಾಕುವ ಪ್ಲೇಟಿಂಗ್ ಘಟಕ. ಇಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ)ಯಲ್ಲಿ ಉಳಿಯುವ ಸ್ಲಡ್ಜ್, ಅಂದರೆ ಕೆಸರು, ದಾಬಸ್‌ಪೇಟೆಯ ವಿಲೇವಾರಿ ಜಾಗಕ್ಕೆ ಹೋಗುತ್ತದೆ. ಪ್ರತಿ ಲೋಡಿನ ಜೊತೆ ಹೋಗುವ ಮ್ಯಾನಿಫೆಸ್ಟ್, ಅಂದರೆ ಫಾರಂ 10, ಬೇರೆ ಬೇರೆ ಬಣ್ಣದ ಏಳು ಪ್ರತಿಗಳಲ್ಲಿರುತ್ತದೆ. ಗೋಳೆಲ್ಲ ಆರನೆಯ ನೀಲಿ ಪ್ರತಿಯದು. ಮಾಲು ಇಳಿಸಿಕೊಂಡವರು ಸಹಿ ಹಾಕಿ ನಮಗೆ ಕಳಿಸಬೇಕಾದದ್ದು ಡ್ರೈವರ್ ಸೀಟಿನಡಿ ತಿಂಗಳುಗಟ್ಟಲೆ ಬಿದ್ದಿರುತ್ತಿತ್ತು. ಅದು ಬರುವ ತನಕ ಲೋಡು ಸರಿಯಾದ ಜಾಗಕ್ಕೆ ಸೇರಿತೆನ್ನಲು ನಮ್ಮ ಹತ್ತಿರ ಪುರಾವೆಯೇ ಇಲ್ಲ. ನನಗೆ ನಿದ್ದೆ ಕೆಡಿಸುತ್ತಿದ್ದುದು ಅದು.

ಮೊದಲು ಒಂದು ಸಾಫ್ಟ್‌ವೇರ್ ಕಂಪನಿಗೆ ಒಂದೂವರೆ ಲಕ್ಷದಷ್ಟು ಕೊಟ್ಟೆವು. ಆ ಆ್ಯಪ್ ನೆಟ್‌ವರ್ಕ್ ಇಲ್ಲದೆ ತೆರೆಯುತ್ತಿರಲಿಲ್ಲ. ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಎಲ್ಲಿ ಬರಬೇಕು? ಚೀಲಕ್ಕೆ ಅಂಟಿಸಿದ ಕ್ಯೂಆರ್ ಸ್ಟಿಕ್ಕರ್ ಒದ್ದೆಗೆ ವಾರದೊಳಗೆ ಕಿತ್ತುಬಂತು. ಕೊನೆಗೆ ಸ್ಟೇನ್‌ಲೆಸ್ ಚೂರುಗಳ ಮೇಲೆ ನಂಬರ್ ಪಂಚ್ ಹೊಡೆಸಿ, ಚೀಲದ ಬಾಯಿಗೆ ತಂತಿಯಲ್ಲಿ ಕಟ್ಟಿಸಿದೆ. ಖರ್ಚು ಇಲ್ಲವೆನ್ನುವಷ್ಟು.

ಉಳಿದದ್ದು ಐದು ಸಾವಿರದ ಹಳೇ ಫೋನು, ಒಂದು ಗೂಗಲ್ ಶೀಟು. ಫೋಟೋ ಫೋನಿನಲ್ಲೇ ತೆಗೆದು, ಆಫೀಸಿಗೆ ಬಂದಾಗ ಏರಿಸುವುದು. ಟ್ಯಾಗ್, ನಮ್ಮ ವೇಬ್ರಿಡ್ಜ್ ಚೀಟಿ, ಲಾರಿ ನಂಬರ್. ಆ ಕಡೆಯಿಂದ ಅವರ ತೂಕದ ಚೀಟಿ, ಸಹಿಯಾದ ನೀಲಿ ಪ್ರತಿ. ನೀಲಿಯ ಫೋಟೋ ಬರದೆ ಬಾಡಿಗೆ ಬಿಲ್ ಪಾಸಾಗುವುದಿಲ್ಲ ಎಂದು ಹೇಳಿದೆ. ಟ್ರಾನ್ಸ್‌ಪೋರ್ಟ್ ಮಾಲೀಕರು ಕೂಗಾಡಿದರು. ಡ್ರೈವರ್‌ಗೆ ಅಲ್ಲಿಂದಲೇ ಕಳಿಸಿದರೆ ಯುಪಿಐನಲ್ಲಿ ಐವತ್ತು ರೂಪಾಯಿ ಅಂದೆ. ಈಗ ಲಾರಿ ವಾಪಸ್ ಹೊರಡುವ ಮೊದಲೇ ಫೋಟೋ ಬಂದಿರುತ್ತದೆ. ಕಾಗದವನ್ನಂತೂ ಬಿಟ್ಟಿಲ್ಲ, ಫೈಲಿನಲ್ಲಿದೆ.

ತೂಕ ಎರಡೂ ಕಡೆ ಒಂದೇ ಬರುವುದಿಲ್ಲ. ಇಲ್ಲಿ 5,840 ಕಿಲೋ ಇದ್ದದ್ದು ಅಲ್ಲಿ 5,700ರ ಹತ್ತಿರ. ವ್ಯತ್ಯಾಸ ಜಾಸ್ತಿಯಾದರೆ ಶೀಟು ಕೆಂಪು ಬಣ್ಣದಲ್ಲಿ ತೋರಿಸುತ್ತದೆ; ನೀರಿಳಿದದ್ದೋ, ಚೀಲವೇ ಕಮ್ಮಿಯಾಯಿತೋ ಎಂದು ಆಗ ನೋಡುತ್ತೇವೆ. ಎಷ್ಟು ಶೇಕಡಾಕ್ಕೆ ಕೆಂಪಾಗಬೇಕೆಂಬ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ. ಸ್ಲಡ್ಜಿನ ನೀರು ಹಿಂಡುವ ನಿಮ್ಮ ಫಿಲ್ಟರ್ ಪ್ರೆಸ್ ನೋಡಿ ನೀವೇ ಹಾಕಿಕೊಳ್ಳಿ.

ಆ ವ್ಯತ್ಯಾಸ ನೋಡುತ್ತಲೇ ಇನ್ನೊಂದು ಹೊಳೆಯಿತು. ಎಫ್‌ಆರ್‌ಪಿ ಶೀಟಿನ ಶೆಡ್ಡಿನಡಿ, ಸೋರಿದ ನೀರು ಇಟಿಪಿಗೇ ಮರಳುವ ನೆಲದ ಮೇಲೆ ಪ್ರೆಸ್ಸಿನಿಂದ ಬಂದ ಸ್ಲಡ್ಜ್ ಕೇಕನ್ನು ಒಣಗಲು ಹರಡಿಸಿದೆ. ಬೇಸಿಗೆಯಲ್ಲಿ ತೂಕ ಕಾಲು ಭಾಗ ಇಳಿಯಿತು. ವಿಲೇವಾರಿಗೆ ಟನ್ ಲೆಕ್ಕದಲ್ಲಿ ದುಡ್ಡು ಕಟ್ಟುವವರಿಗೆ ಇದು ಸಣ್ಣ ಉಳಿತಾಯವಲ್ಲ. ತ್ಯಾಜ್ಯವನ್ನು ಘಟಕದಲ್ಲಿ ಇಟ್ಟುಕೊಳ್ಳುವ 90 ದಿನದ ಮಿತಿ ಮೀರದಂತೆ ಶೀಟೇ ಎಚ್ಚರಿಸುತ್ತದೆ.

ಬಳಸಿದ ಎಣ್ಣೆಯ ಡ್ರಮ್ಮುಗಳಿಗೂ ಈ ತಿಂಗಳಿಂದ ಟ್ಯಾಗ್ ಕಟ್ಟಿಸುತ್ತಿದ್ದೇನೆ.