ಕೈಗೆ ಹೊಂದುವ ಪಿಸ್ತೂಲನ್ನು ಆರಿಸಿಕೊಳ್ಳುವ ಬಗೆ

ಮೂಡಿಗೆರೆಯ ಸಂತೆಯಲ್ಲಿ ಕತ್ತಿ ಕೊಳ್ಳುವ ಕೆಲಸಗಾರನು ಅಲಗಿನ ಹರಿತವನ್ನು ಆಮೇಲೆ ನೋಡುತ್ತಾನೆ. ಮೊದಲು ಹಿಡಿಯನ್ನು ಮುಷ್ಟಿಯಲ್ಲಿ ಕಚ್ಚಿ ಹಿಡಿದು, ಮಣಿಕಟ್ಟನ್ನು ಎರಡು ಸಲ ಆಡಿಸಿ, ದಪ್ಪವೆನಿಸಿದರೆ ಮಾತಿಲ್ಲದೆ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ನಮ್ಮ ತೋಟದ ಮನೆಗಳಲ್ಲಿ ಕೋವಿಯ ವಿಷಯದಲ್ಲಿಯೂ ಇದೇ ವಿವೇಕವಿದೆ. ಎತ್ತರದ ಅಪ್ಪನ ಜೋಡಿನಳಿಗೆಯ ಕೋವಿ ಕುಳ್ಳನೆಯ ಮಗನಿಗೆ ಬಂದರೆ ಭುಜಕ್ಕೆ ಕೊಡುವ ಮರವನ್ನು ಒಂದು ಇಂಚು ಕೊಯ್ಯಿಸಿಕೊಳ್ಳುವುದುಂಟು. ಪಿಸ್ತೂಲಿನ ಮಾತು ಬಂದಾಗ ಮಾತ್ರ ಅದೇ ಜನರು ಯಾವ ಕಂಪನಿಯದು, ಎಷ್ಟು ಗುಂಡು ಹಿಡಿಸುತ್ತದೆ ಎಂಬ ಎರಡೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೋವಿಯನ್ನು ಭುಜ, ಕೆನ್ನೆ ಮತ್ತು ಎರಡು ಕೈಗಳು ಸೇರಿ ಹೊರುತ್ತವೆ. ಪಿಸ್ತೂಲಿಗೆ ಇರುವುದು ಅಂಗೈಯೊಂದೇ ನೆಲೆ. ಇನ್ನೊಂದು ಕೈ ಅದರ ಮೇಲೆ ಬಂದು ಕೂರುತ್ತದೆ, ಅಷ್ಟೆ. ಆದುದರಿಂದ ಅಂಗೈಗೆ ಒಗ್ಗದ ಪಿಸ್ತೂಲು ಎಷ್ಟು ಹೆಸರಾಂತದ್ದಾದರೂ ಗುರಿಯನ್ನು ಕೆಡಿಸುತ್ತದೆ.

ಆಯ್ಕೆಯ ಹರವು ಎಷ್ಟೆಂಬುದನ್ನು ಕಾನೂನೇ ಮೊದಲು ತೀರ್ಮಾನಿಸಿಬಿಡುತ್ತದೆ. ಪೊಲೀಸರ ಸೊಂಟದಲ್ಲಿ ಕಾಣುವ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ ಬೋರಿನದು; ಬೋರೆಂದರೆ ನಳಿಗೆಯ ಒಳಗಿನ ಅಳತೆ. ಜಿಲ್ಲಾಧಿಕಾರಿಗಳ ಲೈಸೆನ್ಸಿನ ಮೇಲೆ ಆತ್ಮರಕ್ಷಣೆಗೆಂದು ಹೆಚ್ಚಾಗಿ ದೊರೆಯುವುದು .32 ಬೋರು, ಅಂದರೆ 1899ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ 7.65 ಮಿ.ಮೀ. ತೋಟಾ, ಕ್ರೀಡೆಗಾದರೆ .22. ಹೊಸದು ಬೇಕೆಂದರೆ ಸರ್ಕಾರಿ ಕಾರ್ಖಾನೆಯ 'ಅಶನಿ'ಯಂಥವು, ಹಳೆಯದಾದರೆ 1980ರ ದಶಕದಲ್ಲಿ ಆಮದು ನಿಲ್ಲುವುದಕ್ಕೆ ಮುಂಚೆ ಬಂದು ಒಬ್ಬ ಲೈಸೆನ್ಸುದಾರನಿಂದ ಇನ್ನೊಬ್ಬನಿಗೆ ದಾಟುತ್ತಿರುವ ಜರ್ಮನಿ, ಬೆಲ್ಜಿಯಂ, ಇಟಲಿಯ ಪಿಸ್ತೂಲುಗಳು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಆಯುಧಗಳು ಇರುವಂತಿಲ್ಲವಾದ್ದರಿಂದ, ಈಗಾಗಲೇ ಎರಡು ಕೋವಿಗಳನ್ನು ಇಟ್ಟುಕೊಂಡಿರುವ ಬೆಳೆಗಾರರು ಒಂದನ್ನು ಬಿಟ್ಟುಕೊಡಲು ಸಿದ್ಧರಿರಬೇಕು. ಕೊಡಗಿನಲ್ಲಿರುವ ನೆಂಟರಿಗೆ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ನೋಡಿ ನಮಗೂ ಅದು ಅನ್ವಯಿಸುತ್ತದೆಂದು ಭಾವಿಸುವವರು ಸಕಲೇಶಪುರದ ಕಡೆ ಈಗಲೂ ಸಿಗುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಎಂಬ ಅಲ್ಲಿಯ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಸೇರಿದ್ದು, ಹಾಸನ ಜಿಲ್ಲೆಯ ಬೆಳೆಗಾರನಿಗಲ್ಲ.

ಅಂಗಡಿಯಲ್ಲಿ ಪಿಸ್ತೂಲನ್ನು ಕೈಗೆ ತೆಗೆದುಕೊಂಡ ಕೂಡಲೇ ಹಿಡಿಯೊಳಗೆ ಗುಂಡು ತುಂಬಿಡುವ ಮ್ಯಾಗಜೀನನ್ನು ಕಳಚಿಡಬೇಕು, ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಕವಚವಾದ ಸ್ಲೈಡನ್ನು ಹಿಂದಕ್ಕೆಳೆದು, ತೋಟಾ ಕೂರುವ ಚೇಂಬರು ಖಾಲಿಯಿದೆಯೇ ಎಂಬುದನ್ನು ಕಣ್ಣಿನಿಂದ ನೋಡಿ ಕಿರುಬೆರಳಿನಿಂದ ಮುಟ್ಟಿಯೂ ಖಚಿತಪಡಿಸಿಕೊಳ್ಳಬೇಕು. ಅಂಗಡಿಯವರು ನಿಮ್ಮ ಕಣ್ಣೆದುರೇ ತೆಗೆದು ತೋರಿಸಿದ್ದರೂ ಇದನ್ನು ಬಿಡಬಾರದು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಬಾರದು; ಪರೀಕ್ಷೆ ಅಲ್ಲಿಗೆ ಬರುವವರೆಗೆ ತೋರುಬೆರಳು ಟ್ರಿಗರಿನ ಹೊರಗೇ ಇರಬೇಕು.

ಮೊದಲ ಪರೀಕ್ಷೆ ಹಿಡಿತದ ಎತ್ತರದ್ದು. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಕವಲನ್ನು ಹಿಡಿಯ ಬೆನ್ನಿನ ತೀರ ಮೇಲಕ್ಕೆ, ಸ್ಲೈಡಿನ ಕೆಳಗೆ ಚಾಚಿರುವ ಬಾಲಕ್ಕೆ ತಾಗುವಷ್ಟು ಒತ್ತಿ ಹಿಡಿಯಬೇಕು. ಕೈ ಮೇಲೆ ಕೂತಷ್ಟೂ ನಳಿಗೆಯು ಮುಂಗೈಯ ನೇರಕ್ಕೆ ಹತ್ತಿರವಾಗುತ್ತದೆ, ಈಡು ಹಾರಿದಾಗ ಒದೆತವು ಮೂತಿಯನ್ನು ಮೇಲಕ್ಕೆ ಚಿಮ್ಮಿಸುವ ಬದಲು ನೇರವಾಗಿ ತೋಳಿನೊಳಕ್ಕೆ ಬರುತ್ತದೆ. ಹೀಗೆ ಹಿಡಿದಾಗ ಮೇಲಿನಿಂದ ನೋಡಿದರೆ ನಳಿಗೆ, ಮಣಿಕಟ್ಟು ಮತ್ತು ಮೊಣಕೈ ಒಂದೇ ಗೆರೆಯಲ್ಲಿ ಇರಬೇಕು.

ಇಲ್ಲಿ ನಾನು ಎಡವಿದ್ದುಂಟು. ನನ್ನ ಮೊದಲ ಪಿಸ್ತೂಲನ್ನು ಅದರ ಮಿರುಗುವ ನೀಲಿ ಬಣ್ಣಕ್ಕೂ ಹೆಸರಿಗೂ ಮರುಳಾಗಿ, ಹಿಡಿದು ನೋಡುವ ಶಾಸ್ತ್ರವನ್ನು ಅರ್ಧ ನಿಮಿಷದಲ್ಲಿ ಮುಗಿಸಿ ಕೊಂಡಿದ್ದೆನು. ಅದರ ಬಾಲ ಗಿಡ್ಡ, ನನ್ನ ಅಂಗೈ ಮಾಂಸಲ. ಮೊದಲ ದಿನ ಏಳು ಈಡು ಹೊಡೆದು ಕೈ ಬಿಡಿಸಿ ನೋಡುವಷ್ಟರಲ್ಲಿ ಹೆಬ್ಬೆರಳಿನ ಕವಲಿನ ಮೇಲೆ ಬ್ಲೇಡಿನಿಂದ ಎಳೆದಂಥ ಎರಡು ಸಮಾಂತರ ಗೀರುಗಳು ಮೂಡಿ ರಕ್ತ ಜಿನುಗುತ್ತಿತ್ತು. ಹಿಂದಕ್ಕೆ ಬಂದ ಸ್ಲೈಡಿನ ಎರಡು ಅಂಚುಗಳು ಅಲ್ಲಿಯ ಚರ್ಮವನ್ನು ಸವರಿಕೊಂಡು ಹೋಗಿದ್ದವು. ಆಮೇಲೆ ನನಗೆ ಅರಿವಿಲ್ಲದೆಯೇ ಕೈಯನ್ನು ಕೆಳಗೆ ಹಿಡಿಯತೊಡಗಿದೆನು, ಗುಂಡುಗಳು ಗುರಿಹಲಗೆಯ ಮೇಲಂಚಿಗೆ ಏರಿದವು. ಪಿಸ್ತೂಲಿನಲ್ಲಿ ದೋಷವೇನೂ ಇರಲಿಲ್ಲ, ತೆಳು ಕೈಯವರೊಬ್ಬರು ಅದನ್ನು ಇಂದಿಗೂ ನೆಮ್ಮದಿಯಿಂದ ಬಳಸುತ್ತಿದ್ದಾರೆ. ಕವಲಿನ ಮಾಂಸವು ಬಾಲವನ್ನು ದಾಟಿ ಮೇಲಕ್ಕೆ ಉಬ್ಬುತ್ತಿದೆಯೇ ಎಂಬುದನ್ನು ಸ್ಲೈಡನ್ನು ನಿಧಾನವಾಗಿ ಪೂರ್ತಿ ಹಿಂದಕ್ಕೆಳೆದು ಪಕ್ಕದಿಂದ ನೋಡಿದ್ದರೆ ಅಂಗಡಿಯಲ್ಲಿಯೇ ತಿಳಿಯುತ್ತಿತ್ತು.

ಎರಡನೆಯದು ಟ್ರಿಗರಿನ ದೂರ. ಆಯ್ಕೆಗೆ ಒಂದೇ ಪರೀಕ್ಷೆ ಮಾಡಲು ಸಮಯವಿದೆಯೆಂದರೆ ನಾನು ಇದನ್ನೇ ಮಾಡುವೆನು. ಮೇಲೆ ಹೇಳಿದ ಹಿಡಿತವನ್ನು ಸ್ವಲ್ಪವೂ ಸಡಿಲಿಸದೆ ತೋರುಬೆರಳನ್ನು ಟ್ರಿಗರಿಗೆ ತಂದಾಗ, ಬೆರಳಿನ ತುದಿಯ ಗೆಣ್ಣಿನ ನಡುಭಾಗ, ಅಂದರೆ ಹೆಬ್ಬೆಟ್ಟಿನ ಗುರುತು ಹಾಕುವಾಗ ಶಾಯಿ ಹತ್ತುವಂಥ ದಿಂಬು, ಟ್ರಿಗರಿನ ಮಧ್ಯದಲ್ಲಿ ಕೂರಬೇಕು. ಅದೇ ಸಮಯದಲ್ಲಿ ಬೆರಳಿನ ಬುಡಕ್ಕೂ ಪಿಸ್ತೂಲಿನ ಪಕ್ಕೆಗೂ ನಡುವೆ ಒಂದು ಕಾಗದ ತೂರುವಷ್ಟಾದರೂ ಸಂದು ಕಾಣಬೇಕು. ಸಂದು ಇಲ್ಲದಿದ್ದರೆ ಟ್ರಿಗರನ್ನು ಎಳೆಯುವ ಬೆರಳು ಪಕ್ಕೆಯನ್ನೂ ತಳ್ಳುತ್ತದೆ.

ಬೆರಳು ಮುಟ್ಟದೆ ಹೋದರೆ ಮನುಷ್ಯ ಸುಮ್ಮನಿರುವುದಿಲ್ಲ, ತಿಳಿಯದಂತೆ ಇಡೀ ಅಂಗೈಯನ್ನು ಹಿಡಿಯ ಸುತ್ತ ಮುಂದಕ್ಕೆ ಹೊರಳಿಸಿಕೊಳ್ಳುತ್ತಾನೆ. ಆಗ ಹಿಡಿಯ ಬೆನ್ನು ಕವಲನ್ನು ಬಿಟ್ಟು ಹೆಬ್ಬೆರಳಿನ ಬುಡದ ಮೂಳೆಯ ಮೇಲೆ ಬಂದು ಕೂರುತ್ತದೆ. ನೂರು ಈಡುಗಳಾಗುವಷ್ಟರಲ್ಲಿ ಆ ಗೆಣ್ಣು ನೋಯತೊಡಗುತ್ತದೆ. ಬಲಗೈಯವರ ಗುಂಡು ಎಡಕ್ಕೆ ವಾಲುತ್ತದೆ. ಹಿಡಿ ತೀರ ಚಿಕ್ಕದಾಗಿ ಬೆರಳು ಎರಡನೆಯ ಗೆಣ್ಣಿನವರೆಗೆ ಒಳಹೊಕ್ಕರೆ ಎಳೆತವು ಓರೆಯಾಗಿ ಗುಂಡು ಬಲಕ್ಕೆ ಜಾರುತ್ತದೆ. ಎಡ ಕೆಳಕ್ಕೆ ಬಿದ್ದ ಗುಂಡುಗಳನ್ನೆಲ್ಲ ಪಿಸ್ತೂಲಿನ ತಲೆಗೆ ಕಟ್ಟುವುದೂ ಸರಿಯಲ್ಲ, ಹೆಚ್ಚಿನವು ಸದ್ದಿಗೆ ಮೊದಲೇ ಬೆಚ್ಚಿ ಟ್ರಿಗರನ್ನು ಕಿತ್ತೆಳೆದವರ ಗುಂಡುಗಳು.

ದರ್ಜಿಯ ದಾರವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಈ ಅಳತೆ ಸುಲಭ. ಹಿಡಿಯ ಬೆನ್ನಿನ ಮೇಲ್ತುದಿಯಿಂದ ಪಕ್ಕೆಯನ್ನು ಬಳಸಿ ಟ್ರಿಗರಿನ ಮುಖದವರೆಗೆ ದಾರ ಹಿಡಿದು ಗಂಟು ಹಾಕಿ, ಅದೇ ದಾರವನ್ನು ಕೈಯ ಕವಲಿನಿಂದ ತೋರುಬೆರಳಿನ ತುದಿಯ ದಿಂಬಿನವರೆಗೆ ಇಟ್ಟು ನೋಡಬೇಕು. ಅಂದಾಜಿನ ಲೆಕ್ಕವೇ ಆದರೂ ಗಂಟು ದಿಂಬನ್ನು ದಾಟಿ ಹೋದರೆ ಆ ಪಿಸ್ತೂಲು ನಿಮಗೆ ದೊಡ್ಡದು. ಒಂದು ಎಚ್ಚರ: 1929ರ ವಾಲ್ಥರ್ ಪಿಪಿಯ ಮಾದರಿಯ ಪಿಸ್ತೂಲುಗಳಲ್ಲಿ ಹಿಂದುಗಡೆ ಇದ್ದು ಹೊಡೆತ ಕೊಡುವ ಸುತ್ತಿಗೆ ಕೆಳಗಿದ್ದಾಗ ಟ್ರಿಗರು ಮುಂದೆ ನಿಂತಿರುತ್ತದೆ, ಎಳೆತವೂ ಉದ್ದ ಮತ್ತು ಭಾರ, ಮೊದಲ ಈಡಿನ ನಂತರ ಸುತ್ತಿಗೆ ಎದ್ದು ನಿಂತು ಟ್ರಿಗರು ಹಿಂದೆ ಸರಿಯುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಸುತ್ತಿಗೆ ಎತ್ತಿದ ಪಿಸ್ತೂಲನ್ನೇ ಕೈಗೆ ಕೊಡುವುದರಿಂದ ಅಳತೆ ಸರಿಹೊಂದಿದಂತೆ ಕಾಣುತ್ತದೆ. ಸುತ್ತಿಗೆಯನ್ನು ಇಳಿಸಿಕೊಟ್ಟು ನೋಡಲು ಬಿಡಿ ಎಂದು ಕೇಳಲು ಸಂಕೋಚ ಬೇಡ. ಖಾಲಿ ಟ್ರಿಗರನ್ನು ಎಳೆಯುವ ಮೊದಲೂ ಕೇಳಬೇಕು, ಮುಖ್ಯವಾಗಿ .22ರಲ್ಲಿ, ಅನೇಕ .22 ಪಿಸ್ತೂಲುಗಳಲ್ಲಿ ಖಾಲಿ ಹೊಡೆತಕ್ಕೆ ತೋಟಾವನ್ನು ಕುಟ್ಟಬೇಕಾದ ಫೈರಿಂಗ್ ಪಿನ್ನು ಚೇಂಬರಿನ ಅಂಚಿಗೇ ಬಡಿದು ಎರಡೂ ಕೆಡುತ್ತವೆ.

ಹಿಡಿಯ ಸುತ್ತಳತೆ ಇದರ ಬೆನ್ನಿಗೇ ಬರುವ ವಿಷಯ. ಹಳೆಯ .32 ಪಿಸ್ತೂಲುಗಳಲ್ಲಿ ಗುಂಡುಗಳು ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಹಿಡಿ ತೆಳ್ಳಗಿರುತ್ತದೆ. 1935ರ ಬ್ರೌನಿಂಗ್ ಹೈ ಪವರ್ 13 ಗುಂಡುಗಳನ್ನು ಎರಡು ಸಾಲಿನಲ್ಲಿ ತುಂಬಿಕೊಂಡಿತು, ಅಲ್ಲಿಂದ ಮುಂದೆ ಹಿಡಿಗಳು ದಪ್ಪವಾಗುತ್ತ ಬಂದವು. ದಪ್ಪವು ಎಲ್ಲರಿಗೂ ಕೆಡುಕಲ್ಲ, ಗುದ್ದಲಿ ಹಿಡಿದು ಬೆಳೆದ ಅಗಲ ಅಂಗೈಗೆ ತೆಳು ಹಿಡಿ ಸಿಕ್ಕರೆ ಅದು ಒಳಗೆ ಹೊರಳಾಡುತ್ತದೆ. ಬೇರೆ ದೇಶಗಳಲ್ಲಿ ಈ ತೊಡಕನ್ನು ಬದಲಿಸಬಹುದಾದ ಬೆನ್ನುಪಟ್ಟಿಗಳಿಂದ ಬಗೆಹರಿಸಿಕೊಂಡಿದ್ದಾರೆ. ನಮಗೆ ಸಿಗುವ ಹೆಚ್ಚಿನ ಪಿಸ್ತೂಲುಗಳಲ್ಲಿ ಆ ಅನುಕೂಲವಿಲ್ಲ. ಹಿಡಿಯ ಎರಡು ಪಕ್ಕದ ಹಲಗೆಗಳನ್ನಷ್ಟೇ ಬದಲಿಸಬಹುದು. ಹಲಗೆಯನ್ನು ತೆಳುವಾಗಿಸಿದರೆ ಸುತ್ತಳತೆ ಇಳಿಯುತ್ತದೆ, ಬೆರಳಿಗೆ ಟ್ರಿಗರು ಸ್ವಲ್ಪ ಹತ್ತಿರವೂ ಆಗುತ್ತದೆ. ಲೈಸೆನ್ಸ್ ಇರುವ ಆಯುಧ ದುರಸ್ತಿಗಾರರಿಂದಲೇ ಇದನ್ನು ಮಾಡಿಸಬೇಕು.

ಸ್ಲೈಡ್ ಎಳೆಯುವಲ್ಲಿ ಒಂದು ವಿಚಿತ್ರವಿದೆ. ಚಿಕ್ಕ ತೋಟಾದ ಚಿಕ್ಕ ಪಿಸ್ತೂಲು ಮೆದುವಾಗಿರುತ್ತದೆಂದು ನಂಬಿ ಹೆಂಗಸರಿಗೂ ವಯಸ್ಸಾದವರಿಗೂ ಅದನ್ನೇ ಸೂಚಿಸುತ್ತಾರೆ. ಆದರೆ .32 ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಸ್ಲೈಡಿಗೂ ನಳಿಗೆಗೂ ಕೊಂಡಿಯಿರುವುದಿಲ್ಲ, ಈಡಿನ ಒತ್ತಡವನ್ನು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಇವೆರಡೇ ತಡೆಯಬೇಕು. ಹಾಗಾಗಿ ಸ್ಪ್ರಿಂಗು ಬಿಗಿ. ಕೊಂಡಿಯಿರುವ ದೊಡ್ಡ 9 ಮಿ.ಮೀ. ಪಿಸ್ತೂಲು ಇದಕ್ಕಿಂತ ಹಗುರವಾಗಿ ಎಳೆಸಿಕೊಳ್ಳುವುದುಂಟು. ಎರಡು ಬೆರಳುಗಳಿಂದ ಚಿವುಟಿ ಎಳೆಯದೆ, ಪಿಸ್ತೂಲನ್ನು ಎದೆಯ ಹತ್ತಿರ ತಂದು, ಎಡ ಅಂಗೈಯನ್ನು ಸ್ಲೈಡಿನ ಹಿಂಭಾಗದ ಮೇಲೆ ಕವಚಿ, ಬಲಗೈಯನ್ನು ಮುಂದಕ್ಕೆ ತಳ್ಳಬೇಕು. ಹೊರಸುತ್ತಿಗೆಯಿದ್ದರೆ ಅದನ್ನು ಮೊದಲೇ ಎತ್ತಿಟ್ಟರೆ ಶ್ರಮ ಕಡಿಮೆ. ಇಷ್ಟಾದರೂ ಐದು ಸಲದಲ್ಲಿ ಒಮ್ಮೆ ಸ್ಲೈಡು ಪೂರ್ತಿ ಬಾರದಿದ್ದರೆ ಆ ಪಿಸ್ತೂಲನ್ನು ಬಿಡುವುದು ಲೇಸು. ಸ್ಲೈಡೇ ಇಲ್ಲದ ರಿವಾಲ್ವರಿನ ಕಡೆ ನೋಡುವುದರಲ್ಲಿ ಅವಮಾನವೇನಿಲ್ಲ.

ತೂಕದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹಗುರವಾದದ್ದು ಹೊರಲು ಸುಖ, ಹೊಡೆಯಲು ಕಷ್ಟ. ಮಣಿಕಟ್ಟು ಸಡಿಲವಾದರೆ ಒದೆತದ ಬಲವು ಕೈಯಲ್ಲಿಯೇ ಕರಗಿ ಸ್ಲೈಡು ಪೂರ್ತಿ ಹಿಂದೆ ಬಾರದೆ ಖಾಲಿ ತೋಟಾ ಬಾಯಲ್ಲಿ ಸಿಕ್ಕಿಕೊಳ್ಳುವುದುಂಟು. ಹಿಡಿತ ಕೆಡದಂತೆ ಹೆಬ್ಬೆರಳು ಸುರಕ್ಷಾ ಕೀಲಿಯನ್ನೂ ಮ್ಯಾಗಜೀನ್ ಬಿಡಿಸುವ ಗುಂಡಿಯನ್ನೂ ಮುಟ್ಟುತ್ತದೆಯೇ ಎಂದು ನೋಡಬೇಕು. ಕೆಲವು ಹಳೆಯ ಪಿಸ್ತೂಲುಗಳಲ್ಲಿ ಮ್ಯಾಗಜೀನ್ ಬಿಡಿಸುವ ಕೊಂಡಿ ಹಿಡಿಯ ತಳದಲ್ಲಿರುತ್ತದೆ, ಅದಕ್ಕೆ ಎರಡನೆಯ ಕೈ ಬೇಕೇ ಬೇಕು. ಕೀಲಿಗಳೆಲ್ಲ ಎಡಪಕ್ಕದಲ್ಲಿಯೇ ಇರುವ ಪಿಸ್ತೂಲು ಎಡಗೈಯವರಿಗೆ ಸದಾ ಅರ್ಧ ಪರಕೀಯವೇ.

ಇಷ್ಟೆಲ್ಲ ಮುಗಿದ ಮೇಲೆ ಗೋಡೆಯ ಮೇಲಿನ ಒಂದು ಗುರುತನ್ನು ನೋಡಿ, ಆ ಗೋಡೆಯಾಚೆ ಯಾರೂ ಇಲ್ಲವೆಂದು ತಿಳಿದುಕೊಂಡು, ಕಣ್ಣು ಮುಚ್ಚಿ ಖಾಲಿ ಪಿಸ್ತೂಲನ್ನು ಅದರತ್ತ ಎತ್ತಿ ಹಿಡಿದು ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನಲ್ಲಿ ಹೆಚ್ಚುಕಡಿಮೆ ಕೂತಿದ್ದರೆ ಹಿಡಿಯ ಓರೆ ನಿಮ್ಮ ಮಣಿಕಟ್ಟಿಗೆ ಹೊಂದಿದೆ. ಹತ್ತು ಸಲ ಮಾಡಿದಾಗಲೂ ಮೂತಿ ಆಕಾಶವನ್ನೋ ನೆಲವನ್ನೋ ನೋಡುತ್ತಿದ್ದರೆ ಹೊಂದಿಲ್ಲ.

ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಷಾಢದಲ್ಲಿ ಅಂಗೈ ಒಣಗುವ ಗಳಿಗೆ ಇರುವುದಿಲ್ಲ. ನುಣುಪಾದ ಹಲಗೆಯ ಪಿಸ್ತೂಲು ಸೋಪಿನಂತೆ ಜಾರುತ್ತದೆ. ಅಂಗಡಿಯಲ್ಲಿ ಒಮ್ಮೆ ಕೈಯನ್ನು ತುಸು ಒದ್ದೆ ಮಾಡಿಕೊಂಡು ಹಿಡಿದು ನೋಡಿದರೆ ಚೌಕಳಿ ಗೀರುಗಳಿರುವ ಹಲಗೆಯ ಬೆಲೆ ತಿಳಿಯುತ್ತದೆ. ಪಿಸ್ತೂಲನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತರೆ ಚರ್ಮವು ತೇವ ಹೀರಿ ತಿಂಗಳೊಳಗೆ ಸ್ಲೈಡಿಗೆ ತುಕ್ಕು ಹಿಡಿಸುತ್ತದೆ. ಹಿಡಿಯ ಗೀರುಗಳ ಸಂದಿಯ ಬೆವರೂ ಅದನ್ನೇ ಮಾಡುತ್ತದೆ.

ಕ್ರೀಡೆಗಾಗಿ ಕೊಳ್ಳುವವರ ದಾರಿ ಬೇರೆ, ಸುಖವಾದದ್ದು. 25 ಮೀಟರ್ ಸ್ಪರ್ಧೆಯ .22 ಪಿಸ್ತೂಲು 1400 ಗ್ರಾಂ ಮೀರಬಾರದು, ಟ್ರಿಗರು ಕನಿಷ್ಠ 1000 ಗ್ರಾಂ ಭಾರ ಹೊರಬೇಕು, ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆಯಾಗಬಾರದು ಎಂಬ ಕಟ್ಟುಪಾಡುಗಳ ಒಳಗೆ ಮರದ ಹಿಡಿಯನ್ನು ಕೈಗೆ ತಕ್ಕಂತೆ ಕೆತ್ತಿಕೊಳ್ಳಬಹುದು. ಚಿಕ್ಕದು, ನಡುವಿನದು, ದೊಡ್ಡದು ಎಂಬ ಅಳತೆಗಳಲ್ಲಿ, ಬಲಗೈ ಎಡಗೈ ಎರಡಕ್ಕೂ ಹಿಡಿಗಳು ಸಿಗುತ್ತವೆ. ನನ್ನ ತಮ್ಮನ ಮಗಳು ಲೈಸೆನ್ಸ್ ಬೇಡದ .177 ಏರ್ ಪಿಸ್ತೂಲಿನಲ್ಲಿ ಎರಡು ವರ್ಷ ಅಭ್ಯಾಸ ಮಾಡಿದಳು. ಹಿಡಿಗೆ ಮರದ ಪುಟ್ಟಿ ಮೆತ್ತಿ, ಹಸಿಯಿರುವಾಗಲೇ ತೆಳು ಪ್ಲಾಸ್ಟಿಕ್ಕಿನ ಮೇಲಿಂದ ಅಮುಕಿ ಹಿಡಿದು, ಒಣಗಿದ ಮೇಲೆ ಬೆರಳು ಒತ್ತಿ ಕೆಂಪಾದ ಕಡೆಯಲ್ಲೆಲ್ಲ ಅರದಿಂದ ಉಜ್ಜಿ, ಮತ್ತೆ ಹಿಡಿದು, ಮತ್ತೆ ಉಜ್ಜಿ, ಒಂದು ಬೇಸಿಗೆಯನ್ನೇ ಅದಕ್ಕೆ ಕೊಟ್ಟಳು. ಆ ಹಿಡಿಯನ್ನು ನಾನು ಹಿಡಿದರೆ ಕಿರುಬೆರಳಿಗೆ ಜಾಗವೇ ಇಲ್ಲ.

ಬೇರೆಯವರಿಂದ ಹಳೆಯ ಪಿಸ್ತೂಲು ಕೊಳ್ಳುವಾಗ ಇದನ್ನು ನೆನಪಿಡಬೇಕು. ಹಿಂದಿನ ಮಾಲೀಕನು ಹಲಗೆಗಳನ್ನು ತನ್ನ ಕೈಗೆ ಉಜ್ಜಿಸಿಕೊಂಡಿದ್ದಾನೆಯೇ, ಸ್ಪ್ರಿಂಗನ್ನು ಕತ್ತರಿಸಿ ಸ್ಲೈಡನ್ನು ಹಗುರ ಮಾಡಿಸಿದ್ದಾನೆಯೇ ಎಂದು ಹಲಗೆ ಕಳಚಿಸಿ, ಸ್ಲೈಡ್ ಬಿಚ್ಚಿಸಿ ನೋಡಬೇಕು. ಮೂಲ ಹಲಗೆಗಳು ಅವರ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅವನ್ನೂ ಕೇಳಿ ಪಡೆದು, ಅವುಗಳೊಂದಿಗೆ ಮೇಲಿನ ಪರೀಕ್ಷೆಗಳನ್ನೆಲ್ಲ ಇನ್ನೊಮ್ಮೆ ಮಾಡಿ ಮುಂಗಡ ಕೊಡಬೇಕು.