ಹದಿಹರೆಯದವರ ಸಮಯ ನಿರ್ವಹಣೆ: ಥೆರಪಿಯಲ್ಲಿ ಏನು, ಯಾವಾಗ, ಹೇಗೆ

ಟೈಮ್‌ಟೇಬಲ್ ಬರೆಯಲು ಬಾರದ ಹದಿಹರೆಯದವರು ಅಪರೂಪ. ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿ ಮೂರನೇ ದಿನಕ್ಕೆ ಅದನ್ನು ಮರೆತವರೇ ಥೆರಪಿಗೆ ಬರುವುದು. ಹಾಗಾಗಿ ಅವರಿಗೆ ಇನ್ನೊಂದು ಟೈಮ್‌ಟೇಬಲ್ ಮಾಡಿಕೊಟ್ಟು ಪ್ರಯೋಜನವಿಲ್ಲ. ಕೆಲಸ ಎಲ್ಲಿ ಕಚ್ಚಿಕೊಳ್ಳುತ್ತಿದೆ ಎಂದು ಮೊದಲು ಹುಡುಕಬೇಕು, ಪ್ಲ್ಯಾನರ್ ಆಮೇಲೆ.

ಹುಡುಕುವ ದಾರಿ ಇದು. ಇತ್ತೀಚೆಗೆ ಗಡುವು ತಪ್ಪಿದ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದನ್ನು ಕೊಟ್ಟ ದಿನದಿಂದ ಗಡುವಿನ ರಾತ್ರಿಯವರೆಗೆ ಏನೇನಾಯಿತು ಎಂದು ಹಂತಹಂತವಾಗಿ ಕೇಳಿ. ‘ಎರಡು ಗಂಟೆ ಸಾಕು ಅಂದುಕೊಂಡೆ, ಐದು ಬೇಕಾಯ್ತು’ ಎಂದರೆ ಅಂದಾಜಿನ ತೊಂದರೆ. ‘ಪುಸ್ತಕ ತೆರೆದೆ, ಮುಚ್ಚಿದೆ’ ಎಂದರೆ ಶುರು ಮಾಡುವ ತೊಂದರೆ. ‘ಹಾಗೊಂದು ಕೆಲಸ ಇದೆ ಅನ್ನೋದೇ ನೆನಪಿರಲಿಲ್ಲ’ ಎಂದರೆ ಬರೆದಿಡುವ ವ್ಯವಸ್ಥೆಯೇ ಇಲ್ಲ. ಮೂರೂ ಬೆರೆತಿರುವುದೂ ಉಂಟು; ಆಗ ಹೆಚ್ಚು ಕಾಡುವುದರಿಂದ ಆರಂಭಿಸಿ.

ಇನ್ನೊಂದು ಸಂಗತಿಯೂ ಮೊದಲ ಭೇಟಿಯಲ್ಲೇ ತೀರ್ಮಾನವಾಗಬೇಕು: ಈ ಬದಲಾವಣೆ ಯಾರಿಗೆ ಬೇಕು? ಹೆಚ್ಚಿನವರು ತಾವಾಗಿ ಬಂದಿರುವುದಿಲ್ಲ, ಅವರನ್ನು ಕರೆತಂದಿರುತ್ತಾರೆ. ‘ಇದನ್ನು ಸರಿಮಾಡಿಕೊಳ್ಳುವುದು ನಿನಗೆ ಎಷ್ಟು ಮುಖ್ಯ, 0ಯಿಂದ 10ರೊಳಗೆ ಹೇಳು’ ಎಂದು ಕೇಳಿ. 4 ಎಂದರೆ, ‘ಯಾಕೆ 8 ಅಲ್ಲ’ ಎನ್ನಬೇಡಿ, ಸಬೂಬು ಬರುತ್ತದೆ. ‘2 ಯಾಕಲ್ಲ’ ಎಂದು ಕೇಳಿ, ಆಗ ಕಾರಣಗಳು ಅವರ ಬಾಯಿಂದಲೇ ಬರುತ್ತವೆ. ಗುರಿಯೂ ಅವರದೇ ಮಾತಿನಲ್ಲಿರಲಿ. ‘ಭಾನುವಾರ ಸಂಜೆ ತಲೆಬಿಸಿಯಿಲ್ಲದೆ ಆಡಬೇಕು’ ಎಂಬುದು ಒಳ್ಳೆಯ ಗುರಿ. ‘ಅಂಕ ಹೆಚ್ಚಬೇಕು’ ಎಂಬುದು ಬಹುಪಾಲು ಹೆತ್ತವರ ಗುರಿ.

ದಿನಚರಿಯ ದಾಖಲೆ

ಮೊದಲ ವಾರ ಮನೆಯಲ್ಲಿ ಮಾಡಬೇಕಾದದ್ದು: ಶಾಲೆಯಿರುವ ಮೂರು ದಿನ, ರಜೆಯ ಒಂದು ದಿನ, ಅರ್ಧರ್ಧ ಗಂಟೆಗೆ ಏನು ಮಾಡಿದೆ ಎಂದು ಬರೆಯುವುದು. ಏಳು ದಿನ ಕೇಳಿದರೆ ಒಂದೂ ಸಿಗುವುದಿಲ್ಲ. ದಿನಕ್ಕೆ ಮೂರು ಸಲ ತುಂಬಲಿ, ಏಕೆಂದರೆ ರಾತ್ರಿ ಒಟ್ಟಿಗೆ ಬರೆದರೆ ಫೋನ್ ಹಿಡಿದ ಹೊತ್ತು ಮಾಯವಾಗಿರುತ್ತದೆ. ಆದರೂ ಕೆಲವರು ಭೇಟಿಗೆ ಹತ್ತು ನಿಮಿಷ ಮೊದಲು ಒಂದೇ ಪೆನ್ನಿನಲ್ಲಿ ನಾಲ್ಕೂ ದಿನ ತುಂಬಿಸಿ ತರುತ್ತಾರೆ. ಬೈಯಬೇಡಿ. ನಿನ್ನೆಯ ದಿನವೊಂದನ್ನು ಮಾತ್ರ ಜೊತೆಯಲ್ಲಿ ಕೂತು ಮತ್ತೆ ಬರೆಯಿರಿ.

ಈ ಹಾಳೆ ಹೆತ್ತವರ ಕೈಗೆ ಹೋಗಕೂಡದು. ಒಮ್ಮೆ ಅದು ಬೈಗುಳಕ್ಕೆ ಸಾಕ್ಷಿಯಾದರೆ ಮುಂದಿನ ವಾರದ ದಾಖಲೆ ಸುಳ್ಳಾಗಿರುತ್ತದೆ. ಇದನ್ನು ಮೊದಲ ದಿನವೇ ಇಬ್ಬರ ಎದುರೂ ಹೇಳಿಬಿಡಿ.

ದಾಖಲೆಯಲ್ಲಿ ಮೊದಲು ನೋಡಬೇಕಾದದ್ದು ನಿದ್ದೆ. ಹರೆಯದಲ್ಲಿ ದೇಹದ ಗಡಿಯಾರ ಸಹಜವಾಗಿಯೇ ತಡವಾಗಿ ಓಡುತ್ತದೆ; ರಾತ್ರಿ ನಿದ್ದೆ ಬಾರದಿರುವುದೆಲ್ಲ ಹಟವಲ್ಲ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆರು ಗಂಟೆ ಮಲಗುವವರಿಗೆ ಯೋಜನೆಯ ಪಾಠ ಹತ್ತುವುದು ಕಷ್ಟ, ಅಲ್ಲಿ ಮೊದಲ ಎರಡು ವಾರ ನಿದ್ದೆಗೇ ಕೊಡಿ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡುವುದು ಸುಲಭ.

ಅಂದಾಜನ್ನು ಪಳಗಿಸುವುದು

ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಎಣಿಸುವುದು ಮಕ್ಕಳ ದೋಷವಷ್ಟೇ ಅಲ್ಲ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವರ್‌ಸ್ಕಿ 1979ರಲ್ಲೇ ಈ ಪ್ರವೃತ್ತಿಯನ್ನು ವಿವರಿಸಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪದವಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕೆಂದಿದ್ದರು. ಹಿಡಿದದ್ದು 55 ದಿನಕ್ಕಿಂತ ಹೆಚ್ಚು. ಇದನ್ನು ಹೇಳಿದರೆ ಹುಡುಗ ಹುಡುಗಿಯರ ಮುಖ ಸ್ವಲ್ಪ ಸಡಿಲವಾಗುತ್ತದೆ, ಅಷ್ಟರ ಮಟ್ಟಿಗೆ ಅದು ಉಪಯೋಗಿ.

ಇದರ ಅಭ್ಯಾಸ ಥೆರಪಿಯ ಕೊಠಡಿಯಲ್ಲೇ ಆಗಲಿ. ಐದು ಲೆಕ್ಕ ಅಥವಾ ಎರಡು ಪುಟ ಓದು ಕೊಡಿ. ಎಷ್ಟು ನಿಮಿಷ ಬೇಕೆಂದು ಮೊದಲೇ ಬರೆಯಲಿ, ನಂತರ ಗಡಿಯಾರ ಹಿಡಿದು ಅಳೆಯಿರಿ. ಮನೆಯಲ್ಲಿ ಇಂಥದೇ ಹತ್ತು ಕೆಲಸಗಳಿಗೆ ಅಂದಾಜು ಮತ್ತು ನಿಜವಾದ ಸಮಯವನ್ನು ಅಕ್ಕಪಕ್ಕ ಬರೆದು ತರಲಿ. 30 ನಿಮಿಷ ಅಂದುಕೊಂಡದ್ದು 50 ಆಗಿದ್ದರೆ ಗುಣಕ ಸುಮಾರು 1.7. ವಿಷಯಕ್ಕೊಂದು ಗುಣಕ ಬರುತ್ತದೆ: ಗಣಿತಕ್ಕೆ 1.2 ಇದ್ದವರಿಗೆ ಪ್ರಬಂಧಕ್ಕೆ 2.5 ಇರಬಹುದು. ಮುಂದೆ ಯೋಜನೆ ಮಾಡುವಾಗ ಅಂದಾಜನ್ನು ಈ ಸಂಖ್ಯೆಯಿಂದ ಗುಣಿಸಿದರಾಯಿತು. ಎಲ್ಲರೂ ಬಿಟ್ಟುಬಿಡುವ ಒಂದು ಲೆಕ್ಕವಿದೆ: ಪುಸ್ತಕ ಹುಡುಕುವುದು, ಲಾಗಿನ್ ಆಗುವುದು, ಗೆಳೆಯನನ್ನು ಪ್ರಶ್ನೆ ಕೇಳುವುದು. ಗಡಿಯಾರ ಅಲ್ಲಿಂದಲೇ ಶುರುವಾಗಬೇಕು.

ಶುರು ಮಾಡಲಾಗದವರಿಗೆ

ಥೆರಪಿಯ ನಿಜವಾದ ಕೆಲಸ ಇರುವುದು ಇಲ್ಲಿ. ಮುಂದೂಡುವುದು ಸೋಮಾರಿತನ ಎಂದು ಹೊರಗಿನಿಂದ ಕಾಣುತ್ತದೆ. ಒಳಗೆ ಬಹಳ ಸಲ ಅದು ಅಹಿತಕರ ಭಾವನೆಯಿಂದ ತಪ್ಪಿಸಿಕೊಳ್ಳುವ ಉಪಾಯ. ಪುಸ್ತಕ ಮುಚ್ಚಿದ ಕ್ಷಣ ಸಿಗುವ ನೆಮ್ಮದಿಯೇ ಮುಂದಿನ ಸಲವೂ ಮುಚ್ಚಲು ಕಲಿಸುತ್ತದೆ. ಅದಕ್ಕೇ ಉಪದೇಶ ನಾಟುವುದಿಲ್ಲ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಸಂದರ್ಭ, ಬಂದ ಯೋಚನೆ, ಭಾವನೆ ಮತ್ತು ಅದರ ತೀವ್ರತೆ (0–100), ಆಮೇಲೆ ಮಾಡಿದ್ದು. ‘ಚೆನ್ನಾಗಿ ಬರೆಯೋಕಾಗಲ್ಲ, ನಾಳೆ ಮೂಡ್ ಬಂದಾಗ ನೋಡೋಣ’ ಎಂಬಂಥ ಯೋಚನೆಗಳು ಸಾಲಾಗಿ ಸಿಗುತ್ತವೆ. ಅದರೊಂದಿಗೆ ವಾದಕ್ಕಿಳಿಯುವ ಬದಲು ಪರೀಕ್ಷೆ ಮಾಡಿ: ಮೂಡ್ ಇಲ್ಲದೆಯೇ ಐದು ನಿಮಿಷ ಕೆಲಸ, ಮೊದಲು ಮತ್ತು ನಂತರ ಕಿರಿಕಿರಿಗೆ ಅಂಕ. ಶುರುವಾದ ಮೇಲೆ ಅಂಕ ಇಳಿಯುವುದು ಸಾಮಾನ್ಯ. ಇಳಿಯದಿದ್ದರೆ ಐದನೇ ನಿಮಿಷಕ್ಕೆ ಎದ್ದುಹೋಗಬಹುದು. ಈ ಅನುಮತಿ ನಿಜವಾಗಿರಬೇಕು. ‘ಕೂತಿದ್ದೀಯಲ್ಲ, ಇನ್ನೊಂದು ಗಂಟೆ ಮಾಡು’ ಎಂದು ಯಾರಾದರೂ ಹೇಳಿದರೆ ಉಪಾಯ ಅಲ್ಲಿಗೆ ಮುಗಿಯಿತು.

ಮೊದಲ ಹೆಜ್ಜೆ ಕಣ್ಣಿಗೆ ಕಾಣುವಂತಿರಲಿ. ‘ಪ್ರಾಜೆಕ್ಟ್ ಮಾಡುವುದು’ ಹೆಜ್ಜೆಯಲ್ಲ, ‘ಫೈಲ್ ತೆರೆದು ಮೂರು ಉಪಶೀರ್ಷಿಕೆ ಬರೆಯುವುದು’ ಹೆಜ್ಜೆ. ಅದನ್ನು ಗಂಟೆಗಿಂತ ಘಟನೆಗೆ ಕಟ್ಟಿ: ‘ಸಂಜೆ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿಗೆ ಹೋಗಿ ಮೊದಲ ಲೆಕ್ಕ ಬರೆಯುತ್ತೇನೆ.’ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಈ ಬಗೆಯ ಸಂಕಲ್ಪಗಳ ಮೇಲೆ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆ ಸಾಕಷ್ಟಿದೆ. ವಾರಕ್ಕೆ ಒಂದೇ ಸಂಕಲ್ಪ ಸಾಕು. ಫೋನ್ ಸೈಲೆಂಟ್ ಆದರೆ ಸಾಲದು, ಬೇರೆ ಕೋಣೆಯಲ್ಲಿರಲಿ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ವಿಧಾನ ಎಲ್ಲರಿಗೂ ಹೊಂದದು. ಗಮನದ ಕೊರತೆ ಇರುವವರಿಗೆ 10 ನಿಮಿಷದಿಂದ ಶುರು ಮಾಡಿ. ಬಿಡುವಿನಲ್ಲಿ ವಿಡಿಯೋ ಬೇಡ. ಅದು ಐದು ನಿಮಿಷಕ್ಕೆ ಮುಗಿಯುವ ಜಾತಿಯದಲ್ಲ.

ಇಷ್ಟಾದ ಮೇಲೆ ಪ್ಲ್ಯಾನರ್

ಪುಸ್ತಕವೋ ಆ್ಯಪೋ, ಒಂದೇ ಇರಲಿ. ನಿದ್ದೆ, ಶಾಲೆ, ಓಡಾಟ, ಊಟ, ಆಟ ಮೊದಲು ತುಂಬಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗಕ್ಕಷ್ಟೇ ಕೆಲಸ ಬರೆಯಿರಿ. ದೊಡ್ಡ ಕೆಲಸವನ್ನು ಗಡುವಿನಿಂದ ಹಿಂದಕ್ಕೆ ಎಣಿಸುತ್ತ ಬನ್ನಿ, ಸ್ವಂತ ಗಡುವು ಎರಡು ದಿನ ಮುಂಚೆಯೇ ಇರಲಿ. ದಿನಕ್ಕೆ ಹತ್ತು ನಿಮಿಷ, ನಿಗದಿತ ಹೊತ್ತಿನಲ್ಲಿ, ಅದನ್ನು ನೋಡಬೇಕು. ಎಲ್ಲ ತುಂಬಿದ ಮೇಲೆ 24 ಗಂಟೆ ಮೀರಿದರೆ ಅದು ಕೌಶಲದ ಪ್ರಶ್ನೆಯೇ ಅಲ್ಲ. ಯಾವ ತರಗತಿ ಬಿಡಬೇಕೆಂದು ಹೆತ್ತವರ ಜೊತೆ ಮಾತಾಡಬೇಕಾಗುತ್ತದೆ.

ಹೆತ್ತವರಿಗೆ ಒಂದೇ ಪ್ರಶ್ನೆಯ ಅವಕಾಶ ಕೊಡಿ, ದಿನಕ್ಕೊಮ್ಮೆ: ‘ಇವತ್ತಿನ ಮೊದಲ ಹೆಜ್ಜೆ ಯಾವುದು?’ ನಾಲ್ಕು ವಾರದ ನಂತರ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಹತ್ತು ಸಲ ನೆನಪಿಸುವ ಮನೆಯಲ್ಲಿ ಮಕ್ಕಳು ಹತ್ತನೆಯದಕ್ಕೇ ಕಾಯುತ್ತಾರೆ.

ಕೆಲವು ಸೂಚನೆಗಳು ಕಂಡರೆ ಇದನ್ನು ಬದಿಗಿಟ್ಟು ಪರಿಣತರ ತಪಾಸಣೆಗೆ ಕಳಿಸಬೇಕು. 12 ವರ್ಷಕ್ಕೂ ಮೊದಲಿನಿಂದ ಮನೆ, ಶಾಲೆ ಎರಡೂ ಕಡೆ ಗಮನ ನಿಲ್ಲದಿದ್ದರೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರಬಹುದು. ಎರಡು ವಾರಕ್ಕೂ ಮೀರಿ ಮಂಕು, ಇಷ್ಟದ ಆಟದಲ್ಲೂ ನಿರಾಸಕ್ತಿ ಇದ್ದರೆ ಖಿನ್ನತೆ ಇರಬಹುದು. ಓದುವುದೇ ಬಹಳ ನಿಧಾನವಾದರೆ ಕಲಿಕೆಯ ತೊಂದರೆ ಇರಬಹುದು. ಬದುಕು ಬೇಡ ಎಂಬ ಮಾತು ಬಂದರೆ ಅದೇ ದಿನ ನೆರವು ಸಿಗಬೇಕು.

ವಾರಕ್ಕೊಂದರಂತೆ 8ರಿಂದ 12 ಭೇಟಿಗಳು ಹೆಚ್ಚಿನವರಿಗೆ ಸಾಕಾಗುತ್ತವೆ. ಥಟ್ಟನೆ ನಿಲ್ಲಿಸದೆ ಎರಡು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ಮಾಡಿ. ಅವುಗಳಲ್ಲೊಂದು ಪರೀಕ್ಷೆಗೆ ಮೂರು ವಾರ ಮುಂಚೆ ಬೀಳಲಿ, ಹಳೆಯ ಅಭ್ಯಾಸ ಮರಳುವುದು ಆಗಲೇ. ಪ್ಲ್ಯಾನರ್ ಒಂದು ವಾರ ಪೂರ್ತಿ ಖಾಲಿಯಾದರೆ ಏನು ಮಾಡಬೇಕೆಂದು ಕೊನೆಯ ಭೇಟಿಯಲ್ಲಿ ಅವರ ಕೈಯಲ್ಲೇ ಬರೆಸಿ: ಖಾಲಿ ಪುಟಗಳನ್ನು ತುಂಬಬೇಡ, ಇವತ್ತಿನ ಪುಟಕ್ಕೆ ಬಂದು ಒಂದು ಹೆಜ್ಜೆ ಬರೆ.